ಕಾಸರಗೋಡಿನಿಂದ ದುಬೈಗೆ: ಬಜಪೆಯೋ, ಮಟ್ಟನ್ನೂರೋ, ಕರಿಪ್ಪೂರೋ?

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ದುಬೈಗೆ ಹೊರಡುವವರು ಉತ್ತರಕ್ಕೆ ಗಡಿ ದಾಟಿ ಮಂಗಳೂರಿನ ಬಜಪೆಗೆ ಹೋಗಬೇಕು, ಇಲ್ಲವೇ ದಕ್ಷಿಣಕ್ಕೆ ಕಣ್ಣೂರಿನ ಮಟ್ಟನ್ನೂರಿಗೋ ಕೋಯಿಕ್ಕೋಡಿನ ಕರಿಪ್ಪೂರಿಗೋ ಹೋಗಬೇಕು. ಟಿಕೆಟ್ ಹುಡುಕುವಾಗ ಹೆಚ್ಚಿನವರು ಮೊದಲು ದರ ನೋಡುತ್ತಾರೆ, ಆಮೇಲೆ ಹಾರಾಟದ ಅವಧಿ. ಈ ಎರಡನೆಯದನ್ನು ನೋಡುವುದರಲ್ಲಿ ದೊಡ್ಡ ಪ್ರಯೋಜನವಿಲ್ಲ. ಮೂರೂ ನಿಲ್ದಾಣಗಳಿಗೆ ಆಕಾಶದಲ್ಲಿರುವ ವ್ಯತ್ಯಾಸ ಹೆಚ್ಚೆಂದರೆ ಕಾಲು ಗಂಟೆ. ನೆಲದ ಮೇಲಿನ ವ್ಯತ್ಯಾಸ ಮೂರು ಗಂಟೆಗೂ ಮಿಕ್ಕಿ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಮನೆಯ ಅಂಗಳದಿಂದ ದುಬೈಯ ದೇರಾದ ಕೋಣೆಯವರೆಗಿನ ಒಟ್ಟು ಹೊತ್ತನ್ನು.

ಮೊದಲು ಆಕಾಶದ ದೂರ ನೋಡೋಣ. ಭೂಮಿಯ ಮೇಲ್ಮೈಗೆ ಅಂಟಿಕೊಂಡಂತೆ ಎಳೆದ ಅತಿ ಹತ್ತಿರದ ಗೆರೆಯಲ್ಲಿ, ನಿಲ್ದಾಣದಿಂದ ನಿಲ್ದಾಣಕ್ಕೆ:

ಬಜಪೆ – ದುಬೈ: ಸುಮಾರು 2,460 ಕಿ.ಮೀ.
ಮಟ್ಟನ್ನೂರು – ದುಬೈ: ಸುಮಾರು 2,590 ಕಿ.ಮೀ.
ಕರಿಪ್ಪೂರು – ದುಬೈ: ಸುಮಾರು 2,680 ಕಿ.ಮೀ.
ಬೆಂಗಳೂರು – ದುಬೈ: ಸುಮಾರು 2,700 ಕಿ.ಮೀ.

ಅಂತರ್ಜಾಲದ ದೂರ ಹೇಳುವ ಪುಟಗಳಲ್ಲಿ ಇದೇ ದೂರ ಬೇರೆ ಬೇರೆ ಅಂಕೆಗಳಲ್ಲಿ ಕಾಣುತ್ತದೆ. ಕೆಲವು ನಿಲ್ದಾಣದ ಬದಲು ನಗರದ ನಡುವಿನಿಂದ ಅಳೆಯುತ್ತವೆ. ಕೆಲವು ಮೈಲಿಯಲ್ಲಿ ಕೊಡುತ್ತವೆ (ಬಜಪೆಯಿಂದ ಸುಮಾರು 1,530), ಕೆಲವು ನಾಟಿಕಲ್ ಮೈಲಿಯಲ್ಲಿ (ಸುಮಾರು 1,330). ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಮಂಗಳೂರಿನಿಂದ ದುಬೈಗೆ ಕಾರಿನಲ್ಲಿ ಇಷ್ಟು ದಿನ ಎಂದು ಹೇಳುವ ಪುಟಗಳೂ ಇವೆ, ಅವನ್ನು ಬಿಟ್ಟುಬಿಡಿ. ನಿಜವಾದ ವಿಮಾನ ಈ ನೇರ ಗೆರೆಯಲ್ಲಿ ಹಾರುವುದಿಲ್ಲ. ನಿಗದಿತ ವಾಯುಮಾರ್ಗ ಹಿಡಿದು ಅರಬ್ಬಿ ಸಮುದ್ರ ದಾಟಿ, ಒಮಾನಿನ ಮೇಲಿನಿಂದ ದುಬೈಯಲ್ಲಿ ಇಳಿಯುವ ವಿಮಾನಗಳ ಸಾಲಿಗೆ ಸೇರಬೇಕು. ಹಾಗಾಗಿ ಗೆರೆಯ ದೂರಕ್ಕಿಂತ ಸ್ವಲ್ಪ ಹೆಚ್ಚೇ ಹಾರುತ್ತದೆ.

ದೂರದಿಂದ ಹೊತ್ತು ತೆಗೆಯಲು ಸುಲಭದ ಲೆಕ್ಕವೊಂದಿದೆ. ಕಿಲೋಮೀಟರನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಸೇರಿಸಿ. ಬಜಪೆಗೆ 2,460 ಭಾಗಿಸು 800 ಎಂದರೆ ಮೂರು ಗಂಟೆ ಐದು ನಿಮಿಷ, ಅರ್ಧ ಗಂಟೆ ಸೇರಿಸಿದರೆ 3 ಗಂಟೆ 35 ನಿಮಿಷ. ಆ ಅರ್ಧ ಗಂಟೆಯಲ್ಲಿ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು, ದುಬೈಯಲ್ಲಿ ಇಳಿದ ಮೇಲೆ ನಿಲ್ಲುವ ಜಾಗಕ್ಕೆ ತೆವಳುವುದು ಎಲ್ಲ ಸೇರಿತು. ಕುವೈತ್ (ಬಜಪೆಯಿಂದ ಸುಮಾರು 3,310 ಕಿ.ಮೀ.), ದೋಹಾ (2,800), ಮಸ್ಕತ್ (2,110), ಜಿದ್ದಾ (3,900), ಎಲ್ಲಕ್ಕೂ ಇದೇ ಲೆಕ್ಕ ಸಾಕು. ಹತ್ತಿಪ್ಪತ್ತು ನಿಮಿಷ ಆಚೀಚೆ ಆಗಬಹುದು.

ಆ ಹತ್ತಿಪ್ಪತ್ತು ನಿಮಿಷಕ್ಕೆ ಕಾರಣ ಗಾಳಿ. ಟಿಕೆಟ್‌ನಲ್ಲಿ ಹೋಗುವಾಗ 3 ಗಂಟೆ 50 ನಿಮಿಷ, ಬರುವಾಗ 3 ಗಂಟೆ 15 ನಿಮಿಷ ಎಂದಿದ್ದರೆ ಅದು ಅಚ್ಚಿನ ತಪ್ಪಲ್ಲ. ಚಳಿಗಾಲದಲ್ಲಿ ಅರಬಸ್ಥಾನದಿಂದ ಉತ್ತರ ಭಾರತದತ್ತ ಮೇಲ್ಮಟ್ಟದಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ದುಬೈಗೆ ಹೋಗುವ ವಿಮಾನಕ್ಕೆ ಅದು ಎದುರುಗಾಳಿ, ಊರಿಗೆ ಬರುವ ವಿಮಾನಕ್ಕೆ ಬೆನ್ನಗಾಳಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ. ಕಂಪನಿಗಳು ತಡವಾದರೂ ಸರಿದೂಗಲಿ ಎಂದು ಅವಧಿಯಲ್ಲಿ ಸ್ವಲ್ಪ ಸಡಿಲ ಬಿಟ್ಟಿರುತ್ತವೆ. ಹಾಗಾಗಿ ವಿಮಾನ ಇಪ್ಪತ್ತು ನಿಮಿಷ ಮೊದಲೇ ಇಳಿಯುವುದೂ ಉಂಟು.

ಇನ್ನು ಟಿಕೆಟ್ ಓದುವ ಕ್ರಮ. ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಸ್ಕತ್ತೂ ಅಷ್ಟೇ. ಸೌದಿ, ಕುವೈತ್, ಬಹರೈನ್, ಕತಾರ್ ಎರಡೂವರೆ ಗಂಟೆ ಹಿಂದೆ. ಅಲ್ಲೆಲ್ಲ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಆದ್ದರಿಂದ ವರ್ಷವಿಡೀ ಇದೇ ಲೆಕ್ಕ. ಬೆಳಿಗ್ಗೆ 8ಕ್ಕೆ ಬಜಪೆ ಬಿಟ್ಟು 10.20ಕ್ಕೆ ದುಬೈ ತಲುಪುತ್ತದೆ ಎಂದಿದ್ದರೆ ಹಾರಾಟ 2 ಗಂಟೆ 20 ನಿಮಿಷದ್ದಲ್ಲ, 3 ಗಂಟೆ 50 ನಿಮಿಷದ್ದು. ರಾತ್ರಿ 11.30ಕ್ಕೆ ದುಬೈ ಬಿಟ್ಟು ನಸುಕಿನ 4.15ಕ್ಕೆ ಬಜಪೆಗೆ ಎಂದಿದ್ದರೆ 4 ಗಂಟೆ 45 ನಿಮಿಷದಿಂದ ಒಂದೂವರೆ ಕಳೆಯಿರಿ, 3 ಗಂಟೆ 15 ನಿಮಿಷ ಉಳಿಯಿತು.

ವರ್ಷವರ್ಷವೂ ಯಾರಾದರೊಬ್ಬರು ಬೀಳುವ ಗುಂಡಿ ಮಧ್ಯರಾತ್ರಿಯ ವಿಮಾನ. ಟಿಕೆಟ್‌ನಲ್ಲಿ 14ನೇ ತಾರೀಕು, 00.20 ಎಂದಿದ್ದರೆ ಮನೆ ಬಿಡಬೇಕಾದದ್ದು 13ರ ಸಂಜೆ. 14ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಒಂದು ದಿನ ಕಳೆದಿರುತ್ತದೆ, ಟಿಕೆಟಿನ ಹಣವೂ ಹೆಚ್ಚುಕಡಿಮೆ ಮುಳುಗಿದ ಹಾಗೆಯೇ.

ಈಗ ರಸ್ತೆ. ನಿಜವಾದ ಆಯ್ಕೆ ಇರುವುದು ಇಲ್ಲಿ.

ಕಾಸರಗೋಡು ಪೇಟೆಯಿಂದ ಬಜಪೆಗೆ ಸುಮಾರು 65 ಕಿ.ಮೀ., ಮಟ್ಟನ್ನೂರಿಗೆ ಸುಮಾರು 115, ಕರಿಪ್ಪೂರಿಗೆ 200 ದಾಟುತ್ತದೆ. ರಾಜ್ಯದ ಗಡಿಯ ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಆರು ಸಾಲಿಗೆ ಅಗಲವಾದ ಮೇಲೆ ಉತ್ತರದ ಕಡೆಯ ಪ್ರಯಾಣ ಹಗುರಾಗಿದೆ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಹೋಲಿಕೆಯೇ ಬೇಕಿಲ್ಲ, ಬಜಪೆ. ಆದರೆ ಹೆದ್ದಾರಿಯಲ್ಲಿ ಉಳಿಸಿದ ಹೊತ್ತನ್ನು ಮಂಗಳೂರು ಪೇಟೆ ನುಂಗಬಹುದು. ತೊಕ್ಕೊಟ್ಟು ದಾಟಿ ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು – ಈ ತುಂಡಿನಲ್ಲಿ ಬೆಳಿಗ್ಗೆ 8ರಿಂದ 10 ಮತ್ತು ಸಂಜೆ 5ರಿಂದ 8ರ ನಡುವೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ನಂತೂರಿನಿಂದ ಕೆಪಿಟಿ, ಯೆಯ್ಯಾಡಿ, ಬೊಂದೆಲ್, ಕಾವೂರು ಕಡೆಯಾಗಿ ಮರವೂರು ಸೇತುವೆ ದಾಟಿದರೆ ಕೆಂಜಾರು, ಅಲ್ಲಿಂದ ಗುಡ್ಡ ಹತ್ತಿದರೆ ಟರ್ಮಿನಲ್. ಮರವೂರು ಸೇತುವೆ 2021ರ ಜೂನ್‌ನಲ್ಲಿ ಕುಸಿದು ರಸ್ತೆ ಬಂದ್ ಆಗಿದ್ದಾಗ ಪೇಟೆಯಿಂದ ಹೋಗುವವರೆಲ್ಲ ಸುತ್ತು ಬಳಸಬೇಕಾಗಿತ್ತು. ಜಡಿಮಳೆಯ ದಿನಗಳಲ್ಲಿ ಹೊರಡುವ ಮುಂಚೆ ಈ ದಾರಿಯ ಸುದ್ದಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬದಿಯಡ್ಕ, ಪೆರ್ಲ, ಎಣ್ಮಕಜೆಯವರು ಕುಂಬಳೆಗಿಳಿದು ಹೆದ್ದಾರಿ ಹಿಡಿಯಲೇಬೇಕೆಂದಿಲ್ಲ. ಪೆರ್ಲದಿಂದ ಅಡ್ಯನಡ್ಕ, ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡ್, ಅಲ್ಲಿಂದ ಪೊಳಲಿ, ಕೈಕಂಬ ದಾಟಿ ಬಜಪೆಗೆ ಹೋದರೆ ಮಂಗಳೂರು ಪೇಟೆಯನ್ನು ಮುಟ್ಟದೆಯೇ ತಲುಪಬಹುದು. ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಇದರಿಂದ ಲಾಭವಿಲ್ಲ, ಸಂಜೆಯ ಗಲಾಟೆಯ ಹೊತ್ತಿಗೆ ಲಾಭವಿದೆ.

ದಕ್ಷಿಣದ ದಾರಿಯಲ್ಲಿ ಚೆಂಗಳದಿಂದಾಚೆ ಹೆದ್ದಾರಿ ಕಾಮಗಾರಿಯಿಂದಾಗಿ ಹೊತ್ತು ಹೇಳಲು ಬರುವುದಿಲ್ಲ, ಮಳೆಗಾಲದಲ್ಲಿ ಗುಡ್ಡ ಜರಿಯುವ ತೊಂದರೆ ಬೇರೆ. ಪಯ್ಯನ್ನೂರು, ತಳಿಪರಂಬದವರೆಗೆ ಹೋಗಿ, ಕಣ್ಣೂರು ಪೇಟೆಗೆ ಇಳಿಯದೆ ಮಯ್ಯಿಲ್, ಚಾಲೋಡು ಮಾರ್ಗವಾಗಿ ಮಟ್ಟನ್ನೂರು ಸೇರಬಹುದು. ರೈಲಿನಲ್ಲಿ ಹೋಗುವುದಾದರೆ ಕಣ್ಣೂರಿನಲ್ಲಿ ಇಳಿದು 25 ಕಿ.ಮೀ. ಮೇಲ್ಪಟ್ಟು ಟ್ಯಾಕ್ಸಿ ಹಿಡಿಯಬೇಕು. ಕಾಸರಗೋಡಿನಿಂದ ಒಂದು ಬದಿಗೆ ಮೂರು ಗಂಟೆ ಲೆಕ್ಕ ಹಾಕಿದರೆ ತಪ್ಪಾಗದು. ಹರತಾಳದ ದಿನವಾದರೆ ಕೇರಳದೊಳಗಿನ ದಾರಿ ಉದ್ದವಾದಷ್ಟೂ ತಲೆಬಿಸಿ ಹೆಚ್ಚು. ವಿಮಾನ ನಿಲ್ದಾಣಕ್ಕೆ ಹೋಗುವ ವಾಹನವನ್ನು ಸಾಮಾನ್ಯವಾಗಿ ಬಿಡುತ್ತಾರೆ, ಟಿಕೆಟಿನ ಪ್ರತಿ ಕೈಯಲ್ಲಿರಲಿ.

ಎರಡೂ ನಿಲ್ದಾಣಕ್ಕೆ ಹೆಚ್ಚುಕಡಿಮೆ ಸಮದೂರ ಬರುವುದು ಹೊಸದುರ್ಗದ (ಕಾಞಂಗಾಡ್) ಹತ್ತಿರ. ಅಲ್ಲಿಂದ ಬಜಪೆಗೂ ಮಟ್ಟನ್ನೂರಿಗೂ 90 ಕಿ.ಮೀ. ಆಸುಪಾಸು. ನೀಲೇಶ್ವರದಿಂದ ಕೆಳಗಿನವರು ಕಣ್ಣೂರು ಹಿಡಿಯುವುದು ಸಹಜ. ಹೊಸದುರ್ಗದವರು ಆ ವಾರ ರಸ್ತೆ ಹೇಗಿದೆ ಎಂದು ವಿಚಾರಿಸಿ ನಿರ್ಧರಿಸಬಹುದು.

ಎಲ್ಲವನ್ನೂ ಕೂಡಿಸಿ ನೋಡಿ. ಹೊರಡುವ ಮನೆ ಕಾಸರಗೋಡು ಪೇಟೆಯಲ್ಲಿದೆ ಎಂದಿಟ್ಟುಕೊಳ್ಳಿ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು, ದುಬೈಯಲ್ಲಿ ಇಳಿದು ಹೊರಗೆ ಬರಲು ಒಂದು ಗಂಟೆ. ಬಜಪೆಯಾದರೆ ರಸ್ತೆಗೆ 2, ನಿಲ್ದಾಣಕ್ಕೆ 3, ಹಾರಾಟಕ್ಕೆ 3 ಗಂಟೆ 50 ನಿಮಿಷ, ಹೊರಬರಲು 1 – ಒಟ್ಟು ಹತ್ತು ಗಂಟೆಗೆ ಸ್ವಲ್ಪ ಕಡಿಮೆ. ಮಟ್ಟನ್ನೂರಾದರೆ ಹನ್ನೊಂದು. ಕರಿಪ್ಪೂರಿಗೆ ರಸ್ತೆಗೇ ಐದರಿಂದ ಆರು ಗಂಟೆ ಹೋಗುವುದರಿಂದ ಹದಿಮೂರೂವರೆ.

ಹಾಗಿದ್ದೂ ಕರಿಪ್ಪೂರನ್ನು ಪಟ್ಟಿಯಲ್ಲಿ ಇಡಲು ಕಾರಣವಿದೆ. ಬಜಪೆಯಿಂದಲೂ ಮಟ್ಟನ್ನೂರಿನಿಂದಲೂ ಗಲ್ಫ್‌ಗೆ ಹಾರುತ್ತಿರುವುದು ನಮ್ಮ ದೇಶದ ಕಂಪನಿಗಳು ಮಾತ್ರ. ಕರಿಪ್ಪೂರಿಗೆ ಗಲ್ಫ್‌ನ ಕಂಪನಿಗಳೂ ಬರುತ್ತವೆ. ದಿನಕ್ಕೆ ಹೆಚ್ಚು ವಿಮಾನ ಎಂದರೆ ಒಂದು ರದ್ದಾದರೆ ಇನ್ನೊಂದು ಸಿಗುವ ಅವಕಾಶ ಹೆಚ್ಚು. ವೀಸಾದ ಕೊನೆಯ ದಿನ ಹತ್ತಿರ ಬಂದವರು ಇದನ್ನು ಗಮನಿಸಬೇಕು. ಎ-380ರಂಥ ದೊಡ್ಡ ವಿಮಾನ ಬೇಕಿದ್ದರೆ ಬೆಂಗಳೂರು, ಆದರೆ ಕಾಸರಗೋಡಿನಿಂದ ಅಲ್ಲಿಗೆ ಸುಮಾರು 400 ಕಿ.ಮೀ. ರಸ್ತೆ. ಬೆಂಗಳೂರಲ್ಲಿ ಬೇರೆ ಕೆಲಸವೂ ಇದ್ದರೆ ಮಾತ್ರ ಯೋಚಿಸಿ.

ಮುಂಬೈ ಮೂಲಕ ಹೋಗುವುದು ಕಾಗದದ ಮೇಲೆ ಬಹಳ ಚಂದ ಕಾಣುತ್ತದೆ. ಬಜಪೆ–ಮುಂಬೈ ಸುಮಾರು 715 ಕಿ.ಮೀ., ಮುಂಬೈ–ದುಬೈ ಸುಮಾರು 1,930. ಕೂಡಿಸಿದರೆ 2,645. ನೇರ ದಾರಿಗಿಂತ 185 ಕಿ.ಮೀ. ಹೆಚ್ಚು ಅಷ್ಟೇ, ಲೆಕ್ಕಕ್ಕೆ ಕಾಲು ಗಂಟೆ. ಆದರೆ ಎರಡು ಸಲ ಏರಿ ಎರಡು ಸಲ ಇಳಿಯಬೇಕು, ನಡುವೆ ಕಡಿಮೆಯೆಂದರೂ ಮೂರು ಗಂಟೆಯ ಅಂತರ ಬೇಕು. ಮನೆಯಿಂದ ಕೋಣೆಗೆ ಹದಿಮೂರು ಗಂಟೆ ಹಿಡಿಯುತ್ತದೆ, ಮುಂಬೈಯಲ್ಲಿ ಕಾಯುವುದು ಹೆಚ್ಚಾದರೆ ಹದಿನೈದು, ಹದಿನಾರು.

ಹೀಗೆ ಹೋಗುವುದಾದರೆ ಎರಡೂ ಹಾರಾಟ ಒಂದೇ ಪಿ.ಎನ್.ಆರ್.ನಲ್ಲಿರಲಿ. ಒಂದೇ ಪಿ.ಎನ್.ಆರ್. ಇದ್ದರೆ ಸಾಮಾನ್ಯವಾಗಿ ಬಜಪೆಯಲ್ಲಿ ಹಾಕಿದ ಪೆಟ್ಟಿಗೆ ದುಬೈಯಲ್ಲಿ ಸಿಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕಳಿಸುವ ಹೊಣೆ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಮಾಡಿದರೆ ಆ ಹೊಣೆ ನಿಮ್ಮದೇ. ಇನ್ನೊಂದು ತೊಂದರೆ ತೂಕದ್ದು. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ ಮಾತ್ರ. ಗಲ್ಫ್ ಟಿಕೆಟ್‌ನ 25 ಅಥವಾ 30 ಕಿಲೋದ ಲೆಕ್ಕದಲ್ಲಿ ಕಟ್ಟಿದ ಪೆಟ್ಟಿಗೆಗೆ ಬಜಪೆಯ ಕೌಂಟರ್‌ನಲ್ಲೇ ಹೆಚ್ಚುವರಿ ದರ ತೆರಬೇಕಾಗುತ್ತದೆ, ಟಿಕೆಟಿನಲ್ಲಿ ಉಳಿಸಿದ್ದು ಅಲ್ಲಿಗೆ ಮುಗಿಯಿತು. ಮುಂಬೈಯ ಒಂದನೇ ಮತ್ತು ಎರಡನೇ ಟರ್ಮಿನಲ್ ಒಂದೇ ಆವರಣದಲ್ಲಿಲ್ಲ, ನಡುವೆ ಪೇಟೆಯ ರಸ್ತೆಯಲ್ಲಿ ಹೋಗಬೇಕು. ಈಗ ನವಿ ಮುಂಬೈ ನಿಲ್ದಾಣವೂ ಇರುವುದರಿಂದ ಇಳಿಯುವುದೂ ಹತ್ತುವುದೂ ಒಂದೇ ನಿಲ್ದಾಣವೇ ಎಂದು ಎರಡು ಸಲ ನೋಡಿ.

ದರದ ಹೋಲಿಕೆಗೂ ರಸ್ತೆಯನ್ನು ಸೇರಿಸಬೇಕು. ಕಾಸರಗೋಡಿನಿಂದ ಬಜಪೆಗಿಂತ ಮಟ್ಟನ್ನೂರು 50 ಕಿ.ಮೀ. ದೂರ, ಟ್ಯಾಕ್ಸಿ ಖಾಲಿ ಹಿಂದಿರುಗುವುದನ್ನೂ ಹಿಡಿದರೆ 100 ಕಿ.ಮೀ. ನಿಮ್ಮೂರಿನ ಟ್ಯಾಕ್ಸಿಯವರು ಕಿಲೋಮೀಟರಿಗೆ 18 ರೂಪಾಯಿ ಕೇಳಿದರೆ ಒಂದು ಬದಿಗೆ 1,800 ರೂಪಾಯಿ ಹೆಚ್ಚಿಗೆ ಆಯಿತು. ಒಬ್ಬರೇ ಹೋಗುವಾಗ ಕಣ್ಣೂರಿನ ಟಿಕೆಟ್ ಸಾವಿರ, ಸಾವಿರದೈನೂರು ಅಗ್ಗ ಎಂದು ಅಲ್ಲಿಗೆ ಓಡಿದರೆ ನಷ್ಟ. ನಾಲ್ಕು ಜನರ ಸಂಸಾರಕ್ಕೆ ತಲೆಗೆ ಸಾವಿರ ಉಳಿದರೆ ಲಾಭ. ಇದಕ್ಕೊಂದು ತಿದ್ದುಪಡಿ ಇದೆ. ಕೇರಳ ನೋಂದಣಿಯ ಟ್ಯಾಕ್ಸಿ ತಲಪಾಡಿ ದಾಟಲು ಅಖಿಲ ಭಾರತ ಪರ್ಮಿಟ್ ಇಲ್ಲದಿದ್ದರೆ ಕರ್ನಾಟಕದ ತೆರಿಗೆ ಕಟ್ಟಬೇಕು, ಮೇಲಿಂದ ತಲಪಾಡಿಯ ಟೋಲ್. ಬಾಡಿಗೆ ಮಾತಾಡುವಾಗಲೇ ಇವೆಲ್ಲ ಸೇರಿ ಎಷ್ಟು ಎಂದು ಕೇಳಿ ಮುಗಿಸಿಬಿಡಿ, ಬಜಪೆಯ ಗುಡ್ಡದ ಮೇಲೆ ಚರ್ಚೆ ಬೇಡ. ಬಸ್ಸು ಅಗ್ಗ. ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸು ಬೇಕಾದಷ್ಟಿವೆ, ಅಲ್ಲಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಜಪೆ ಬಸ್ಸೂ ಸಿಗುತ್ತದೆ. ಒಂದೇ ಬ್ಯಾಗಿನವರಿಗೆ ಅದು ಸರಿ, ಎರಡು ಪೆಟ್ಟಿಗೆ, ಒಂದು ಮಗು ಇದ್ದವರಿಗೆ ಅಲ್ಲ.

ಯಾವ ನಿಲ್ದಾಣದಿಂದ ಯಾವ ದಿನ ವಿಮಾನ ಇದೆ ಎಂಬುದು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಬೇಸಿಗೆಯ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರದಿಂದ. ಹೋಗುವುದು ಒಂದು ವೇಳಾಪಟ್ಟಿಯಲ್ಲಿ, ಬರುವುದು ಇನ್ನೊಂದರಲ್ಲಿ ಎಂದಾದರೆ ಮರುಪ್ರಯಾಣದ ಹೊತ್ತನ್ನು ಆ ಭಾನುವಾರ ಕಳೆದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಿ.

ಮಳೆಗಾಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಜಪೆಯ ರನ್‌ವೇ 2,450 ಮೀಟರ್, ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ್ದು. ಕರಿಪ್ಪೂರಿನದ್ದೂ ಅದೇ ಬಗೆಯದು, ಸುಮಾರು 2,860 ಮೀಟರ್. 2010ರ ಮೇ 22ರಂದು ಬಜಪೆಯಲ್ಲಿ, 2020ರ ಆಗಸ್ಟ್ 7ರಂದು ಕರಿಪ್ಪೂರಿನಲ್ಲಿ ರನ್‌ವೇ ದಾಟಿ ಕಂದಕಕ್ಕೆ ಬಿದ್ದ ಎರಡೂ ವಿಮಾನಗಳು ದುಬೈಯಿಂದ ಬಂದವು. ಇಂಥ ನಿಲ್ದಾಣಗಳಲ್ಲಿ ಇಳಿಸುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಮೋಡ ತೀರ ಕೆಳಗಿಳಿದರೆ, ನೋಟ ಸಾಲದಾದರೆ ಕ್ಯಾಪ್ಟನ್ ಒಂದೆರಡು ಸುತ್ತು ಹಾಕಿ ಬೇರೆ ನಿಲ್ದಾಣಕ್ಕೆ ತಿರುಗಿಸುತ್ತಾರೆ. ಅದು ಸರಿಯಾದ ನಿರ್ಧಾರವೇ, ಒಳಗೆ ಕೂತವರು ಗೊಣಗಬಾರದು. 2018ರ ಡಿಸೆಂಬರ್ 9ರಂದು ತೆರೆದ ಮಟ್ಟನ್ನೂರಿನ ರನ್‌ವೇ 3,050 ಮೀಟರ್. ಉದ್ದ ಹೆಚ್ಚು ಎಂಬುದು ನಿಜ, ಆದರೆ ಅದೂ ಗುಡ್ಡದ ಮೇಲೆಯೇ ಇದೆ, ಜುಲೈಯ ಮೋಡ ಅದನ್ನೂ ಬಿಡುವುದಿಲ್ಲ. ಮಳೆಗೆ ಹೆದರಿ ನಿಲ್ದಾಣ ಬದಲಿಸುವುದಕ್ಕಿಂತ ಹೊತ್ತು ಬದಲಿಸುವುದು ಉತ್ತಮ. ಜೂನ್‌ನಿಂದ ಆಗಸ್ಟ್‌ವರೆಗೆ ನಸುಕಿನಲ್ಲಿ ಇಳಿಯುವ ವಿಮಾನಕ್ಕಿಂತ ಹಗಲಲ್ಲಿ ಇಳಿಯುವುದು ಸಿಕ್ಕಿದರೆ ಅದನ್ನೇ ಆರಿಸಿ. ಬಂದ ದಿನವೇ ಮದುವೆಯ ಮುಹೂರ್ತ ಇಟ್ಟುಕೊಳ್ಳಬೇಡಿ.

ದುಬೈಯ ತುದಿಯಲ್ಲೂ ಒಂದು ಆಯ್ಕೆ ಇದೆ. ದೂರದ ಲೆಕ್ಕದಲ್ಲಿ ಶಾರ್ಜಾ (2,450 ಕಿ.ಮೀ.), ದುಬೈ, ಅಬುಧಾಬಿ (2,480) ಮೂರೂ ಒಂದೇ. ಅಲ್ ನಹ್ದಾ, ಖಿಸೈಸ್ ಕಡೆಯವರಿಗೆ ಶಾರ್ಜಾ ನಿಲ್ದಾಣವೇ ಅನುಕೂಲ, ಟಿಕೆಟ್ ಅಗ್ಗ ಸಿಕ್ಕರೆ ಹಿಂಜರಿಯಬೇಕಿಲ್ಲ. ಅಬುಧಾಬಿಯಿಂದ ದುಬೈಗೆ ಒಂದೂವರೆ ಗಂಟೆಯ ರಸ್ತೆ. ದುಬೈ ನಿಲ್ದಾಣದ 1 ಮತ್ತು 3ನೇ ಟರ್ಮಿನಲ್‌ಗೆ ಮೆಟ್ರೋ ಇದೆ, 2ನೆಯದಕ್ಕೆ ಇಲ್ಲ. ಮೆಟ್ರೋ ರಾತ್ರಿಯಿಡೀ ಓಡುವುದೂ ಇಲ್ಲ. ನಿಮ್ಮ ವಿಮಾನ ಯಾವ ಟರ್ಮಿನಲ್ಲಿಗೆ ಎಂದು ಟಿಕೆಟ್‌ನಲ್ಲೇ ಬರೆದಿರುತ್ತದೆ, ಕರೆದೊಯ್ಯಲು ಬರುವವರಿಗೆ ಅದನ್ನೂ ತಿಳಿಸಿ.

ಪೆಟ್ಟಿಗೆ ಕಟ್ಟುವಾಗ ನಮ್ಮ ಕಡೆಯವರು ಎಡವುವುದು ಮೂರು ವಸ್ತುಗಳಲ್ಲಿ. ಕೊಪ್ಪರವನ್ನು ಚೆಕ್-ಇನ್ ಲಗೇಜಿಗೆ ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಗಸಗಸೆ ಯು.ಎ.ಇ.ಯಲ್ಲಿ ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ, ಪಾಯಸಕ್ಕೆಂದರೂ ಕೇಳುವುದಿಲ್ಲ. ವೀಳ್ಯದೆಲೆಗೂ ಅಲ್ಲಿ ನಿಷೇಧವಿದೆ. ಪೆಟ್ಟಿಗೆ ತೆರೆಸಿ ಮತ್ತೆ ಕಟ್ಟುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ. ಹೊರಡುವ 60 ಅಥವಾ 75 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತಾರೆ ಎಂಬುದು ನೆನಪಿರಲಿ.

ಕೊನೆಗೆ, ಊರಿಗೆ ಬರುವವರನ್ನು ಕರೆತರಲು ಹೋಗುವವರಿಗೆ. ವಿಮಾನ ದುಬೈಯಲ್ಲಿ ಮೇಲೇರಿದ್ದು ಖಚಿತವಾದ ಮೇಲೆ ಕಾಸರಗೋಡಿನಿಂದ ಹೊರಟರೆ ಸಾಕು. ಹಾರಾಟಕ್ಕೇ ಮೂರು ಗಂಟೆ, ಇಳಿದ ಮೇಲೆ ಇಮಿಗ್ರೇಶನ್, ಪೆಟ್ಟಿಗೆ, ಕಸ್ಟಮ್ಸ್ ಎಂದು ಮುಕ್ಕಾಲು ಗಂಟೆ. ವಿಮಾನದ ಜಾಡು ತೋರಿಸುವ ಆ್ಯಪ್ ಮೊಬೈಲಿನಲ್ಲಿದ್ದರೆ ಚಿತ್ರವೇ ಕಾಣುತ್ತದೆ. ನಡು ಸಮುದ್ರದಲ್ಲಿ ವಿಮಾನದ ಗುರುತು ಮಾಯವಾದರೆ ಗಾಬರಿ ಬೇಡ, ನೆಲದ ಮೇಲಿನ ಗ್ರಾಹಕಗಳ ವ್ಯಾಪ್ತಿ ಅಲ್ಲಿಗೆ ತಲುಪುವುದಿಲ್ಲ. ಮಳೆಗೆ ಬಜಪೆಯಲ್ಲಿ ಇಳಿಯಲಾಗದೆ ಕಣ್ಣೂರಿಗೋ ಕೊಚ್ಚಿಗೋ ಬೆಂಗಳೂರಿಗೋ ಹೋಯಿತು ಎಂದು ಸುದ್ದಿ ಬಂದರೆ ಕಾರನ್ನು ಆ ಕಡೆ ತಿರುಗಿಸಬೇಡಿ. ಸಾಮಾನ್ಯವಾಗಿ ಪ್ರಯಾಣಿಕರನ್ನು ಒಳಗೇ ಕೂರಿಸಿ, ಎಣ್ಣೆ ತುಂಬಿಸಿ, ಮೋಡ ಸರಿದ ಮೇಲೆ ಬಜಪೆಗೇ ತರುತ್ತಾರೆ. ಸಿಬ್ಬಂದಿಯ ಕೆಲಸದ ಅವಧಿ ಮುಗಿದುಹೋದರೆ ಹೊಸ ಸಿಬ್ಬಂದಿ ಬರುವ ತನಕ ಕಾಯಬೇಕು, ಆಗ ಗಂಟೆಗಟ್ಟಲೆ ತಡವಾಗುತ್ತದೆ. ಒಳಗಿದ್ದವರು ಫೋನ್ ಮಾಡಿ "ಇಮಿಗ್ರೇಶನ್ ಮುಗಿಯಿತು, ಹೊರಗೆ ಬಿಟ್ಟರು" ಎಂದ ಮೇಲಷ್ಟೇ ಮಟ್ಟನ್ನೂರಿನ ದಾರಿ ಹಿಡಿಯಿರಿ.